ಫಾರಂನಲ್ಲಿ ‘ಇಲ್ಲ’ ಅಂತ ಗೀಟು ಹಾಕೋ ಮುಂಚೆ

ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುವ ಹಿರಿಯರು ನಮ್ಮ ಗುಂಜಿ ಸುತ್ತಮುತ್ತ ಪ್ರತಿ ಓಣಿಯಲ್ಲೂ ಇದ್ದಾರೆ. ಕೇಳಿದರೆ ‘ವಯಸ್ಸಾತಲ್ಲ, ಹಂಗ ಆಕ್ಕೈತಿ’ ಅಂತಾರೆ. ಬಹಳ ಜನರ ಮಟ್ಟಿಗೆ ಅದು ನಿಜವೂ ಹೌದು. ಮೂತ್ರಕೋಶದ ಕೆಳಗೆ ಇರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ದಪ್ಪ ಆಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಇರುತ್ತದೆ. ಹೊರಗಿನಿಂದ ನೋಡಿ ಯಾವುದು ಯಾವುದು ಅಂತ ಹೇಳಲು ಬರುವುದಿಲ್ಲ. ಪಿಎಸ್‌ಎ ಅನ್ನುವ ರಕ್ತಪರೀಕ್ಷೆಯಲ್ಲಿ ಅನುಮಾನ ಬಂದರೆ ಸ್ಕ್ಯಾನ್, ಆಮೇಲೆ ಬಯಾಪ್ಸಿ. ಪಿಎಸ್‌ಎ ಹೆಚ್ಚು ಬಂದಿದೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲೂ ಅಲ್ಲ.

ಗೊತ್ತಾದ ಮೇಲೆ ನಮ್ಮ ಕಡೆ ಮೊದಲು ಆಗುವ ಕೆಲಸ ಮುಚ್ಚಿಡುವುದು. ‘ಹರಳು ಆಗೈತಿ’ ಅಂತ ಬೀಗರಿಗೆ ಹೇಳುವುದು. ಕೆಲವು ಮನೆಯಲ್ಲಿ ರೋಗಿಗೇ ಹೇಳಿರುವುದಿಲ್ಲ. ಗಂಡಸಿನ ಆ ಜಾಗದ ಕಾಯಿಲೆ ನೋಡಿ, ನಾಚಿಕೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರ ಕಚೇರಿಯೇ ಹೇಳಿಕೆ ಕೊಟ್ಟು, ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಎಲುಬಿಗೂ ಹರಡಿದೆ ಅಂತ ಜಗತ್ತಿಗೆ ತಿಳಿಸಿತು. ಅವರಿಗೆ ಆಗ 82 ವರ್ಷ. ನಮ್ಮ ಪಂಚಾಯ್ತಿಯ ಮಾಜಿ ಸದಸ್ಯರೊಬ್ಬರು ಇಂಥದ್ದನ್ನು ಬಾಯಿಬಿಟ್ಟು ಹೇಳುವ ದಿನ ಇನ್ನೂ ಬಂದಿಲ್ಲ.

ಈ ಮುಚ್ಚುಮರೆ ಮನೆಯೊಳಗೇ ಇದ್ದರೆ ಮನೆಯವರ ವಿಚಾರ ಅಂತ ಬಿಡಬಹುದಿತ್ತು. ಅದು ಹೋಗಿ ವಿಮೆಯ ಫಾರಂ ಮೇಲೆ ಕೂರುತ್ತದೆ. ನಾನು ಬರೆಯಲು ಕುಳಿತದ್ದು ಅದಕ್ಕೆ.

ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟೋ ಜನರಲ್ಲಿ ನಿಧಾನಕ್ಕೆ ಬೆಳೆಯುತ್ತದೆ. ಕೆಲವರಿಗೆ ವೈದ್ಯರು ಸದ್ಯ ಏನೂ ಮಾಡದೆ ಆಗಾಗ ಪರೀಕ್ಷೆ ಮಾಡಿ ನೋಡುತ್ತಿರುತ್ತಾರೆ. ಕೆಲವರಿಗೆ ಆಪರೇಷನ್ ಅಥವಾ ರೇಡಿಯೇಷನ್, ಇನ್ನು ಕೆಲವರಿಗೆ ತಿಂಗಳಿಗೋ ಮೂರು ತಿಂಗಳಿಗೋ ಒಂದು ಹಾರ್ಮೋನ್ ಇಂಜೆಕ್ಷನ್. ಹೀಗೆ ವರ್ಷಗಟ್ಟಲೆ ಓಡಾಡಿಕೊಂಡು ಇರುವವರಿದ್ದಾರೆ. ಹಾಗಾಗಿ ರೋಗಿಯ ಪ್ರಶ್ನೆಯೂ ಸಾವಿನದ್ದಲ್ಲ, ಪ್ರಯಾಣದ್ದು. ಆಷಾಢಕ್ಕೆ ಪಂಢರಪುರಕ್ಕೆ ಹೋಗಬಹುದಾ? ಪುಣೆಯಲ್ಲಿ ಮಗಳ ಬಾಣಂತನ ಇದೆ, ಹೋಗಿ ಬರಲಾ? ಮಗ ಜರ್ಮನಿಯಲ್ಲಿದ್ದಾನೆ, ಟಿಕೆಟ್ ತೆಗೆಸ್ತೀನಿ ಅಂತಾನೆ, ವಿಮಾನ ಹತ್ತಲಾ?

ಹತ್ತಬಹುದು, ವೈದ್ಯರು ಒಪ್ಪಿದರೆ. ಆದರೆ ಜರ್ಮನಿ, ಫ್ರಾನ್ಸ್‌ನಂಥ ಶೆಂಗೆನ್ ದೇಶಗಳ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆಗ ಫಾರಂ ಬರುತ್ತದೆ. ‘ಈ ಮೊದಲೇ ಇರುವ ಕಾಯಿಲೆ ಏನಾದರೂ ಇದೆಯೇ?’ ಅನ್ನುವ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ‘ಇಲ್ಲ ಅಂತ ಹಾಕ್ರಿ, ವೀಸಾಕ್ಕ ಕಾಗದ ಇದ್ರ ಸಾಕು’ ಅನ್ನುವ ಏಜೆಂಟರನ್ನು ನಾನು ನೋಡಿದ್ದೇನೆ. ಅಪ್ಪನ ಮಾನ ಕಾಪಾಡಿದೆವು ಅಂತ ಮಕ್ಕಳಿಗೂ ಸಮಾಧಾನ, ಕಂತೂ ಕಡಿಮೆ.

ಅಲ್ಲಿ ಹೋದ ಮೇಲೆ ಮೂತ್ರ ಕಟ್ಟಿ ಆಸ್ಪತ್ರೆ ಸೇರಬೇಕಾಯಿತು ಅನ್ನಿ. ಆಸ್ಪತ್ರೆಯವರು ಹಳೇ ರಿಪೋರ್ಟ್ ಕೇಳುತ್ತಾರೆ. ಕ್ಯಾನ್ಸರ್ ಹೊರಗೆ ಬರುತ್ತದೆ. ವಿಮಾ ಕಂಪನಿ ಕೈ ಎತ್ತುತ್ತದೆ. ಬಿಲ್ಲು ಯೂರೋದಲ್ಲಿ ಬರುತ್ತದೆ, ಹೊಲ ಇರುವುದು ಗುಂಜಿಯಲ್ಲಿ.

ಕೋರ್ಟಿಗೆ ಹೋಗೋಣ ಅಂತೀರಾ? ಸುಪ್ರೀಂ ಕೋರ್ಟಿನ ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಿ. 2009ರಲ್ಲಿ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಗಿದ್ದನ್ನು ಹೇಳದೆ ಮೆಡಿಕ್ಲೈಮ್ ತೆಗೆದುಕೊಂಡವರ ಕುಟುಂಬಕ್ಕೆ ಹಣ ಸಿಗಲಿಲ್ಲ. ಕಂಪನಿ ಕೊಡದೇ ಇದ್ದದ್ದೇ ಸರಿ ಎಂದಿತು ಕೋರ್ಟು. ಇನ್ನೊಂದು ಮನಮೋಹನ್ ನಂದಾ ಪ್ರಕರಣ. ಆತ ಪ್ರಯಾಣದ ಮೆಡಿಕ್ಲೈಮ್ ಮಾಡಿಸಿ 2009ರಲ್ಲಿ ಅಮೆರಿಕಕ್ಕೆ ಹೋದರು, ಸ್ಯಾನ್‌ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲೇ ಹೃದಯಕ್ಕೆ ತೊಂದರೆಯಾಯಿತು, ಸ್ಟೆಂಟ್ ಹಾಕಿದರು. ಕೊಲೆಸ್ಟ್ರಾಲ್ ವಿಷಯ ಹೇಳಿಲ್ಲ ಎಂದು ಕಂಪನಿ ತಗಾದೆ ತೆಗೆಯಿತು. ಆದರೆ ವಿಮೆಗೆ ಮುಂಚಿನ ತಪಾಸಣೆಯಲ್ಲೇ ಸಕ್ಕರೆ ಕಾಯಿಲೆ ದಾಖಲಾಗಿತ್ತು. ಆರೋಗ್ಯದ ಸ್ಥಿತಿ ನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ನೆಪ ಹೇಳಿ ಹಣ ನಿರಾಕರಿಸುವಂತಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ತೀರ್ಪಾಯಿತು. ಆ ಪೀಠದಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಗೆಲ್ಲಲು ಹನ್ನೆರಡು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು. ಆದರೂ ಬರೆದು ತೋರಿಸಿದ್ದ ಕಾಯಿಲೆಯೇ ಅವರನ್ನು ಕಾಪಾಡಿತು.

ಹಾಗಂತ ‘ಇದೆ’ ಅಂತ ಬರೆದ ಕೂಡಲೇ ಎಲ್ಲ ಸಿಗುತ್ತದೆ ಅಂತಲೂ ತಿಳಿಯಬೇಡಿ. ಪ್ರಯಾಣ ವಿಮೆ ಅಂದರೆ ಅಲ್ಲಿ ಹೋಗಿ ಕ್ಯಾನ್ಸರ್ ಚಿಕಿತ್ಸೆ ಮಾಡಿಸಿಕೊಳ್ಳುವ ವಿಮೆ ಅಲ್ಲ. ಬಹಳ ಪಾಲಿಸಿಗಳು ಹಳೇ ಕಾಯಿಲೆಯನ್ನು ಹೊರಗಿಡುತ್ತವೆ. ಕೆಲವು, ಜೀವಕ್ಕೆ ಅಪಾಯ ಬಂದಾಗಿನ ತುರ್ತು ಖರ್ಚನ್ನು ಒಂದು ಮಿತಿಯವರೆಗೆ ಕೊಡುತ್ತವೆ. ಕಾಲು ಮುರಿದರೆ, ಪಾಸ್‌ಪೋರ್ಟ್ ಕಳೆದರೆ ಸಿಗುವ ಹಣಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ಸುಳ್ಳು ಬರೆದರೆ ಅದಕ್ಕೂ ತಕರಾರು ತೆಗೆಯಲು ಕಂಪನಿಗೆ ದಾರಿ ಸಿಕ್ಕಂತಾಗುತ್ತದೆ. ಒಂದು ಕಂಪನಿ ಬೇಡ ಅಂದರೆ ಇನ್ನೊಂದನ್ನು ಕೇಳಿ. ಹೊರಡುವ ಮೊದಲು ವೈದ್ಯರಿಂದ ‘ಪ್ರಯಾಣ ಮಾಡಬಹುದು’ ಅನ್ನುವ ಚೀಟಿ, ಔಷಧದ ಹೆಸರುಗಳು, ಬಯಾಪ್ಸಿ ರಿಪೋರ್ಟಿನ ಪ್ರತಿ ಕೈಚೀಲದಲ್ಲೇ ಇರಲಿ. ಇಂಜೆಕ್ಷನ್ ದಿನ ನೋಡಿಕೊಂಡು ಟಿಕೆಟ್ ತೆಗೆಸಿದರೆ ಅರ್ಧ ತಲೆನೋವು ಹೋಗುತ್ತದೆ.

ಫಾರಂ ಇಂಗ್ಲಿಷಿನಲ್ಲಿದೆ ಅನ್ನುವ ದೂರು ಸರಿಯಾದದ್ದೇ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಜನವರಿ 1ರಿಂದ ಒಂದು ನಿಯಮ ತಂದಿದೆ. ಆರೋಗ್ಯ ವಿಮೆಯಲ್ಲಿ ಏನಿದೆ, ಏನಿಲ್ಲ ಅನ್ನುವುದನ್ನು ಸರಳವಾಗಿ ಬರೆದ ಮಾಹಿತಿ ಹಾಳೆಯನ್ನು ಗ್ರಾಹಕರಿಗೆ ಕೊಡಲೇಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಖಾನಾಪುರದಲ್ಲಿ ಕನ್ನಡವೋ ಮರಾಠಿಯೋ ಅಂತ ಬೋರ್ಡಿಗೆ ಜಗಳ ಆಡುವ ನಾವು ಈ ಹಾಳೆಯನ್ನು ಕೇಳುವುದಿಲ್ಲ! ಏಜೆಂಟ್ ಉತ್ತರ ಕೊಡದಿದ್ದರೆ 155255ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಅದರ ಮೇಲೆ ಬೆಂಗಳೂರಿನಲ್ಲಿ ವಿಮಾ ಲೋಕಪಾಲ್ ಕಚೇರಿ ಇದೆ, ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ನಮ್ಮಲ್ಲಿ ಹೆಚ್ಚಿನವರು ಜರ್ಮನಿಗೆ ಹೋಗುವುದಿಲ್ಲ, ಹುಬ್ಬಳ್ಳಿಗೆ ಹೋಗುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಚಿಕಿತ್ಸೆ ಬೆಳಗಾವಿಯಲ್ಲಿ ಆಗಬಹುದು, ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಗಬಹುದು, ಬೆಂಗಳೂರಿನ ಕಿದ್ವಾಯಿಯಲ್ಲಿ ಆಗಬಹುದು. ಓಡಾಟದ ಖರ್ಚೇ ಸೊಂಟ ಮುರಿಯುತ್ತದೆ. ಬಸ್ಸಿನಲ್ಲಿ ಹೋದರೆ 2023ರ ಜೂನ್‌ನಿಂದ ಜೊತೆಗೆ ಬರುವ ಹೆಂಡತಿಗೆ ಟಿಕೆಟ್ ಇಲ್ಲ, ರೋಗಿ ಗಂಡನಿಗೆ ಇದೆ. ಪ್ರಾಸ್ಟೇಟ್ ಇರುವುದು ಗಂಡಸರಿಗೆ ಮಾತ್ರ ಅನ್ನುವುದು ಶಕ್ತಿ ಯೋಜನೆ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ.

ರೈಲಿನಲ್ಲಿ ಹಾಗಿಲ್ಲ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗ ಎಲ್ಲವೂ ನಿಂತಿತು ಅಂತ ಜನ ತಿಳಿದರು. ರೋಗಿಗಳ ರಿಯಾಯಿತಿ ನಿಂತಿಲ್ಲ. ಚಿಕಿತ್ಸೆಗೋ ತಪಾಸಣೆಗೋ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ಉಚಿತ, ಜೊತೆಗಾರರಿಗೆ ಶೇ. 75 ಕಡಿತ. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ ಶೇ. 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ತಂದು ಕೌಂಟರಿನಲ್ಲಿ ತೋರಿಸಬೇಕು. ಪಂಢರಪುರಕ್ಕೆ ಇದು ನಡೆಯುವುದಿಲ್ಲ, ವಿಠ್ಠಲನ ದರ್ಶನಕ್ಕೆ ಪೂರ್ತಿ ಟಿಕೆಟ್ಟೇ.

ಐಆರ್‌ಸಿಟಿಸಿಯಲ್ಲಿ ಆನ್‌ಲೈನ್ ಟಿಕೆಟ್ ತೆಗೆಯುವವರಿಗೆ 45 ಪೈಸೆಗೆ ಒಂದು ಅಪಘಾತ ವಿಮೆ ಇದೆ. ರೈಲು ಅಪಘಾತದಲ್ಲಿ ಸತ್ತರೆ 10 ಲಕ್ಷ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಇದರಲ್ಲಿ ಆರೋಗ್ಯದ ಪ್ರಶ್ನೆಯೇ ಇಲ್ಲ, ಕ್ಯಾನ್ಸರ್ ಇದ್ದವರೂ ತೆಗೆದುಕೊಳ್ಳಬಹುದು. ಆದರೆ ಕೌಂಟರ್ ಟಿಕೆಟ್ಟಿಗೆ ಈ ವಿಮೆ ಇಲ್ಲ. ಅಂದರೆ ರಿಯಾಯಿತಿ ಪತ್ರ ಹಿಡಿದು ಖಾನಾಪುರ ಸ್ಟೇಷನ್ನಿನ ಕಿಂಡಿಯ ಮುಂದೆ ನಿಂತ ರೋಗಿಗೆ ಆ 45 ಪೈಸೆಯ ವಿಮೆಯೂ ಇಲ್ಲ. ಇದನ್ನು ಸರಿ ಮಾಡಲು ದೊಡ್ಡ ಯೋಜನೆ ಏನೂ ಬೇಕಾಗಿಲ್ಲ. ನಮ್ಮ ಸಂಸದರು ಲೋಕಸಭೆಯಲ್ಲಿ ಇದೊಂದನ್ನು ಕೇಳಬಹುದು.