ಎಲೆ ಯಾಕೆ ಕಾಳಾಗುವುದಿಲ್ಲ?

ಕಳೆದ ವರ್ಷದ ಅಭ್ಯಾಸ ಬೋಧನೆಯ ಮೂರನೇ ವಾರ. ಹತ್ತನೇ ತರಗತಿ, ಅನುವಂಶೀಯತೆಯ ಪಾಠ. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಬಟಾಣಿ ಗಿಡದ ಚಾರ್ಟ್, ಥರ್ಮಾಕೋಲಿನಲ್ಲಿ ಮಾಡಿದ ಡಿಎನ್‌ಎ ಮಾದರಿ, ಕಪ್ಪುಹಲಗೆಯ ಮೇಲೆ ಒಪ್ಪವಾದ ಬರಹ. "ಗಿಡದ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇರುತ್ತದೆ" ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುವಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಮೆಕ್ಕೆಜೋಳದ ಎಲೇಲೂ ಕಾಳಲ್ಲೂ ಒಂದೇ ಡಿಎನ್‌ಎ ಅಂದ್ರೆ, ಎಲೆ ಯಾಕೆ ಕಾಳಾಗಲ್ಲ?"

"ಒಳ್ಳೆಯ ಪ್ರಶ್ನೆ. ಅದು ಪಿಯುಸಿಯಲ್ಲಿ ಬರುತ್ತೆ, ಕೂತ್ಕೊ."

ಗಂಟೆ ಹೊಡೆಯುವುದಕ್ಕೂ ಪಾಠ ಮುಗಿಯುವುದಕ್ಕೂ ಸರಿಹೋಯಿತು. "ಒಳ್ಳೆಯ ಪ್ರಶ್ನೆ" ಎಂದದ್ದಕ್ಕೆ ಪ್ರಬಲನ ಕೌಶಲದಲ್ಲಿ, ಹೊತ್ತಿಗೆ ಮುಗಿಸಿದ್ದಕ್ಕೆ ಸಮಯಪಾಲನೆಯಲ್ಲಿ ನಾನು ಪೂರ್ಣ ಅಂಕ ಕೊಟ್ಟೆ. ಹಿಮ್ಮಾಹಿತಿಗೆ ಕುಳಿತಾಗ ಸುಮ್ಮನೆ ಆ ಪ್ರಶ್ನೆಯನ್ನು ಎತ್ತಿದೆ. ಅವರು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಪ್ರಮೋಟರ್ ಎಂದು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲದೆ ಹೇಳಿದರು. ಹಾಗಾದರೆ ಆ ಹುಡುಗಿಗೆ ಯಾಕೆ ಹೇಳಲಿಲ್ಲ ಎಂದೆ. "ಪಾಠಯೋಜನೆಯಲ್ಲಿ ಇರಲಿಲ್ಲ ಸರ್. ಕನ್ನಡದಲ್ಲಿ ಹೇಗೆ ಹೇಳೋದು ಅಂತಲೂ ಗೊತ್ತಾಗಲಿಲ್ಲ."

ಎರಡನೆಯದು ಅವರ ಕಷ್ಟ. ಮೊದಲನೆಯದನ್ನು ಕಲಿಸಿದವರು ನಾವು.

"ಪಿಯುಸಿಯಲ್ಲಿ ಬರುತ್ತೆ" ಎಂಬ ಮಾತೂ ಅರ್ಧ ಮಾತ್ರ ನಿಜ. ದ್ವಿತೀಯ ಪಿಯುಸಿಯಲ್ಲಿ ಜೀನ್ ನಿಯಂತ್ರಣಕ್ಕೆ ವಿವರವಾಗಿ ಬರುವ ಉದಾಹರಣೆ ಲ್ಯಾಕ್ ಓಪೆರಾನ್, ಅಂದರೆ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಬಳಸುವ ಬಗೆ. ಒಳ್ಳೆಯ ಉದಾಹರಣೆಯೇ. ಆದರೆ ಒಂದೇ ಕೋಶದ ಬ್ಯಾಕ್ಟೀರಿಯಾಕ್ಕೆ ಎಲೆಯೂ ಇಲ್ಲ, ಕಾಳೂ ಇಲ್ಲ. ಹುಡುಗಿ ಕೇಳಿದ್ದು ಒಂದೇ ಗಿಡದ ಎರಡು ಭಾಗಗಳ ಬಗ್ಗೆ. ಅವಳಿಗೆ ಅಂದೇ, ಕನ್ನಡದಲ್ಲೇ, ಐದು ನಿಮಿಷದಲ್ಲಿ ಉತ್ತರ ಕೊಡಬಹುದಿತ್ತು ಎಂಬುದು ನನ್ನ ವಾದ. ಉತ್ತರ ಅವಳ ಪ್ರಶ್ನೆಯಲ್ಲೇ, ಮೆಕ್ಕೆಜೋಳದಲ್ಲೇ ಇದೆ.

ಆ ಥರ್ಮಾಕೋಲ್ ಮಾದರಿಯನ್ನೇ ಕೈಗೆ ತೆಗೆದುಕೊಳ್ಳಿ. ಸುರುಳಿ ಏಣಿಯ ಹೊರಮೈಯಲ್ಲಿ ಎರಡು ತೋಡುಗಳಿವೆ, ಒಂದು ಅಗಲ, ಒಂದು ಕಿರಿದು. ಅಗಲದ ತೋಡಿನಲ್ಲಿ ಬೆರಳಾಡಿಸಿದರೆ ಒಳಗಿನ ಮೆಟ್ಟಿಲುಗಳ ಅಂಚು ತಗಲುತ್ತದೆ. ಕೆಲವು ಪ್ರೋಟೀನ್‌ಗಳು ಮಾಡುವುದೂ ಇದನ್ನೇ. ಏಣಿಯನ್ನು ಬಿಚ್ಚದೆ, ತೋಡಿನಲ್ಲಿ ಕೈಯಿಟ್ಟು, ಅಕ್ಷರಗಳ ಅಂಚನ್ನು ತಡವಿ ಓದುತ್ತವೆ. ತಮಗೆ ಹೊಂದುವ ಅಕ್ಷರಗಳ ಸಾಲು ಸಿಕ್ಕಲ್ಲಿ ಗಟ್ಟಿಯಾಗಿ ಕೂರುತ್ತವೆ. ಆ ಸಾಲು ಒಂದು ಜೀನ್‌ನ ಮುಂಭಾಗದಲ್ಲಿದ್ದರೆ, ಆ ಜೀನನ್ನು ಆರ್‌ಎನ್‌ಎಗೆ ನಕಲು ಮಾಡುವ ಕೆಲಸ ಚುರುಕಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಯಾವುದು ಎಂಬುದು ಕೂತ ಪ್ರೋಟೀನಿನ ಮೇಲೆ ಹೋಗುತ್ತದೆ.

ಮೆಕ್ಕೆಜೋಳದ ಕಾಳಿನಲ್ಲಿ ಇಂಥದ್ದೊಂದು ಪ್ರೋಟೀನ್ ಒಪೇಕ್-2. ಎರಡು ಒಪೇಕ್-2 ಅಣುಗಳು ಜಿಪ್ಪಿನಂತೆ ಜೋಡಿಯಾಗಿ, ಬಟ್ಟೆಗೆ ಹಾಕುವ ಕ್ಲಿಪ್ಪಿನ ಹಾಗೆ ಡಿಎನ್‌ಎಯನ್ನು ಕಚ್ಚಿಕೊಳ್ಳುತ್ತವೆ. ಅವು ಹುಡುಕುವ ಸಾಲಿನ ನಡುವೆ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿರುತ್ತವೆ. ಕೂತ ಜಾಗದ ಪಕ್ಕದಲ್ಲಿರುವುದು ಜೀಯಿನ್ ಎಂಬ ಸಂಗ್ರಹ ಪ್ರೋಟೀನಿನ ಜೀನ್. ಕಾಳಿನ ಹಿಟ್ಟಿನ ಭಾಗದ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಜೀಯಿನ್‌ಗಳದ್ದೇ. ಎಲೆಯ ಕೋಶದಲ್ಲೂ ಜೀಯಿನ್‌ನ ಜೀನ್ ಇದೆ, ಒಂದಕ್ಷರವೂ ಕಡಿಮೆಯಿಲ್ಲ. ಆದರೆ ಅಲ್ಲಿ ಒಪೇಕ್-2 ತಯಾರಾಗುವುದಿಲ್ಲ. ಪುಸ್ತಕ ಇದೆ, ತೆರೆಯುವವರಿಲ್ಲ. (ಪಿಷ್ಟದ ಉದಾಹರಣೆಯನ್ನು ಇಲ್ಲಿ ತರಬೇಡಿ. ಪಿಷ್ಟ ಎಲೆಯಲ್ಲೂ ಇರುತ್ತದೆ, ಮಕ್ಕಳು ಅದನ್ನು ಅಯೋಡಿನ್ ಹಾಕಿ ನೋಡಿರುತ್ತಾರೆ.) ಒಪೇಕ್-2ನ್ನು ಕಾಳಿನಲ್ಲಿ ಮಾತ್ರ ತಯಾರಿಸುವವರು ಯಾರು ಎಂದು ಮಗು ಮತ್ತೆ ಕೇಳಿದರೆ, ಇನ್ನೊಂದಿಷ್ಟು ಪ್ರೋಟೀನ್‌ಗಳು, ಅವುಗಳ ಹಿಂದೆ ಮತ್ತಷ್ಟು, ಆ ಸರಪಳಿ ಕಾಳು ಮೂಡುವ ಮೊದಲ ಹಂತದವರೆಗೂ ಹೋಗುತ್ತದೆ ಎನ್ನಿ. ಅಷ್ಟು ಸಾಕು.

ಒಪೇಕ್-2 ಕೆಟ್ಟರೆ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮರ್ಟ್ಜ್, ಬೇಟ್ಸ್, ನೆಲ್ಸನ್ 1964ರಲ್ಲಿ ಪ್ರಕಟಿಸಿದ್ದು ಅಂಥ ಮೆಕ್ಕೆಜೋಳದ ಬಗ್ಗೆ. ಅದರ ಕಾಳನ್ನು ಬೆಳಕಿಗೆ ಹಿಡಿದರೆ ಬೆಳಕು ಹಾಯುವುದಿಲ್ಲ, ಸೀಮೆಸುಣ್ಣದ ಹಾಗೆ ಮಂಕು. ಹೆಸರು ಬಂದದ್ದೂ ಅದರಿಂದಲೇ. ಜೀಯಿನ್‌ನಲ್ಲಿ ಲೈಸಿನ್ ಇಲ್ಲವೆನ್ನುವಷ್ಟು ಕಡಿಮೆ. ಈ ಕಾಳಿನಲ್ಲಿ ಜೀಯಿನ್ ಕುಗ್ಗಿ ಬೇರೆ ಪ್ರೋಟೀನ್‌ಗಳ ಪಾಲು ಏರಿದ್ದರಿಂದ ಲೈಸಿನ್ ಹೆಚ್ಚಿತ್ತು, ಅಂದರೆ ತಿನ್ನುವವರಿಗೆ ಒಳ್ಳೆಯ ಕಾಳು. ಆದರೆ ಮೆತ್ತಗಿನ ಕಾಳು, ಹುಳಕ್ಕೆ ಸುಲಭದ ತುತ್ತು, ಇಳುವರಿಯೂ ಕಡಿಮೆ, ರೈತರು ಒಪ್ಪಲಿಲ್ಲ. ಮೆಕ್ಸಿಕೋದ ಸಿಮಿಟ್ ಸಂಸ್ಥೆಯಲ್ಲಿ ಸುರಿಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಲೇಗಾಸ್ ವರ್ಷಗಟ್ಟಲೆ ತಳಿ ಬೆರೆಸಿ ಪೌಷ್ಟಿಕತೆಯನ್ನು ಬಿಡದೆ ಕಾಳನ್ನು ಗಟ್ಟಿ ಮಾಡಿದರು. ಅದಕ್ಕಾಗಿ ಇಬ್ಬರಿಗೂ 2000ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ನನಗೆ ಮುಖ್ಯವಾಗಿ ಕಾಣುವುದು ಇದನ್ನು ಮೆಂಡೆಲರ ಸುಕ್ಕು ಬಟಾಣಿಯ ಪಕ್ಕದಲ್ಲಿ ಇಟ್ಟಾಗ. ಸುಕ್ಕು ಬಟಾಣಿಯಲ್ಲಿ ಕೆಟ್ಟಿರುವುದು ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವದ ಜೀನೇ, ಅದರೊಳಗೆ ಬೇರೊಂದು ಡಿಎನ್‌ಎ ತುಣುಕು ಬಂದು ಸೇರಿದೆ. 1990ರಲ್ಲಿ ಇದು ತಿಳಿಯಿತು. ಒಪೇಕ್-2 ಜೋಳದಲ್ಲಿ ಜೀಯಿನ್‌ನ ಜೀನ್ ನೆಟ್ಟಗಿದೆ, ಅದರ ಮೇಲೆ ಕೂರುವ ಪ್ರೋಟೀನ್ ಇಲ್ಲ. ಎರಡೂ ಕಾಳೇ, ಎರಡೂ ನೋಡಿದರೆ ಗೊತ್ತಾಗುವ ವ್ಯತ್ಯಾಸವೇ, ಕಾರಣ ಮಾತ್ರ ಬೇರೆ. ಮೊದಲನೆಯದನ್ನು ಮಾತ್ರ ಕಲಿತ ಮಗು "ಒಂದು ಜೀನ್, ಒಂದು ಗುಣ" ಎಂದು ಗಟ್ಟಿ ಮಾಡಿಕೊಂಡು ಹೋಗುತ್ತದೆ. ನಾವು ಹೇಳುವ "ಜೀನ್ ಎಂದರೆ ನೀಲನಕ್ಷೆ" ಎಂಬ ಹೋಲಿಕೆಯೂ ಅದಕ್ಕೇ ಒತ್ತು ಕೊಡುತ್ತದೆ. ಯಾವಾಗ, ಎಲ್ಲಿ, ಎಷ್ಟು ಎಂಬುದು ನೀಲನಕ್ಷೆಯಲ್ಲಿ ಇರುವುದಿಲ್ಲ. ಸ್ವಿಚ್ಚಿನ ಹೋಲಿಕೆಯೂ ನನಗೆ ಅಷ್ಟಾಗಿ ಒಗ್ಗದು. ಒಪೇಕ್-2 ಒಂಟಿಯಾಗಿ ದುಡಿಯುವುದಿಲ್ಲ, ಪಕ್ಕದ ಅಕ್ಷರಗಳ ಮೇಲೆ ಬೇರೆ ಪ್ರೋಟೀನ್‌ಗಳೂ ಕೂತು ಕೈಜೋಡಿಸುತ್ತವೆ. ಬ್ಯಾಂಕ್ ಲಾಕರಿನ ಎರಡು ಕೀಲಿಗಳ ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ ಸ್ವಿಚ್ಚಿಗಿಂತ ಮೇಲು.

ಹೊಲದ ಅನುಭವವೂ ಬೇಕಾದಷ್ಟಿದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಬರುವುದನ್ನು ರೈತರ ಮಕ್ಕಳು ನೋಡಿರುತ್ತಾರೆ. ಮೆಕ್ಕೆಜೋಳದ ಒಂದು ತಳಿಯಲ್ಲಿ ಮಳೆಯ ಹಂಗಿಲ್ಲದೆಯೇ ಹೀಗಾಗುತ್ತದೆ. ಅದರಲ್ಲಿ ವಿವಿಪರಸ್-1 ಎಂಬ ಪ್ರೋಟೀನ್ ಇಲ್ಲ. ಕಾಳು ಬಲಿಯುವಾಗ, ಅಬ್ಸಿಸಿಕ್ ಆಮ್ಲದ ಸೂಚನೆಯಂತೆ, ಒಣಗಿ ಸುಮ್ಮನೆ ಮಲಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುವುದು ಆ ಪ್ರೋಟೀನಿನ ಕೆಲಸ.

ಮೊಳಕೆಯ ಹೊತ್ತಿಗೆ ಸರದಿ ಬದಲಾಗುತ್ತದೆ. ಬಾರ್ಲಿಯಲ್ಲಿ ನೋಡಿದಂತೆ, ಭ್ರೂಣದಿಂದ ಜಿಬ್ಬರೆಲಿನ್ ಹೊರಟು, ಜಿಎ-ಮಿಬ್ ಎಂಬ ಪ್ರೋಟೀನ್ ಅಮೈಲೇಸ್ ಜೀನಿನ ಮುಂದೆ ಕೂತು, ಕಿಣ್ವ ತಯಾರಾಗಿ ಪಿಷ್ಟ ಕರಗುತ್ತದೆ. ಇದರ ಕೊನೆಯ ಹಂತವನ್ನು ತರಗತಿಯಲ್ಲೇ ತೋರಿಸಬಹುದು. ತೆಳು ಗಂಜಿಗೆ ಅಗರ್ ಹಾಕಿ ಕಾಯಿಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ. ಮೊಳಕೆ ಬಂದ ಗೋಧಿ ಕಾಳನ್ನು ಕತ್ತರಿಸಿ, ಕತ್ತರಿಸಿದ ಮುಖ ಕೆಳಗಾಗಿ ಇಡಿ. ಪಕ್ಕದಲ್ಲಿ ಬೇಯಿಸಿದ ಕಾಳೊಂದಿರಲಿ. ಮರುದಿನ ಕಾಳು ತೆಗೆದು ಅಯೋಡಿನ್ ಹಾಕಿದರೆ ಮೊಳಕೆ ಕಾಳಿದ್ದ ಜಾಗ ಮಾತ್ರ ನೀಲಿಯಾಗದೆ ಉಳಿಯುತ್ತದೆ. "ಜೀನ್ ಕೆಲಸ ಮಾಡುವುದನ್ನು ನೋಡಿದಿರಿ" ಎಂದು ಮಾತ್ರ ಹೇಳಬೇಡಿ. ಮಕ್ಕಳು ನೋಡಿದ್ದು ಕಿಣ್ವದ ಕೆಲಸ. ಜೀನ್ ಅದರ ಹಿಂದಿನ ಕಥೆ, ಅದನ್ನು ಬೇರೆ ಪ್ರಯೋಗಗಳಿಂದ ತಿಳಿದದ್ದು.

ಸಹೋದ್ಯೋಗಿಗಳ ಆಕ್ಷೇಪ ನನಗೆ ಗೊತ್ತು. ನಲವತ್ತು ನಿಮಿಷ, ಮುಗಿಸಬೇಕಾದ ಘಟಕ, ಪರೀಕ್ಷೆಗೆ ಬಾರದ ವಿಷಯ. ಒಪೇಕ್-2 ಎಂಬ ಹೆಸರನ್ನು ಮಕ್ಕಳಿಗೆ ಹೇಳಲೇಬೇಕೆಂದು ನಾನೂ ಕೇಳುತ್ತಿಲ್ಲ. "ಎಲೆಯಲ್ಲೂ ಆ ಜೀನ್ ಇದೆ, ಅದನ್ನು ಎಬ್ಬಿಸುವ ಪ್ರೋಟೀನ್ ಕಾಳಿನಲ್ಲಿ ಮಾತ್ರ ಇದೆ" ಎಂಬ ಒಂದು ವಾಕ್ಯಕ್ಕೆ ಅರ್ಧ ನಿಮಿಷವೂ ಬೇಡ. ಆ ವಾಕ್ಯವನ್ನು ಕನ್ನಡದಲ್ಲಿ ಸಿದ್ಧ ಮಾಡಿಕೊಳ್ಳುವುದಕ್ಕೆ ಹೊತ್ತು ಬೇಕು. ಅದು ವಿಷಯ ಬೋಧನಾ ಪದ್ಧತಿಯ ನಮ್ಮ ತರಗತಿಗಳಲ್ಲಿ ಆಗಬೇಕಾದ ಕೆಲಸ. ನಾವು ಅಲ್ಲಿ ಉದ್ದೇಶ, ನಿರ್ದಿಷ್ಟೀಕರಣ ಎಂದು ಅಂಕಣ ತುಂಬಿಸುವುದರಲ್ಲೇ ವರ್ಷ ಕಳೆಯುತ್ತೇವೆ.

ಈ ವರ್ಷದ ವೀಕ್ಷಣಾ ಹಾಳೆಯ ಕೆಳಗೆ ನಾನೇ ಪೆನ್ನಿನಲ್ಲಿ ಒಂದು ಅಂಕಣ ಎಳೆದುಕೊಂಡಿದ್ದೇನೆ: "ಮಕ್ಕಳು ಕೇಳಿದ ಪ್ರಶ್ನೆ, ಅದಕ್ಕೆ ಏನಾಯಿತು." ಅದಕ್ಕೆ ಅಂಕ ಇಟ್ಟಿಲ್ಲ. ಮೊದಲ ವಾರದ ಹನ್ನೊಂದು ಪಾಠಗಳಲ್ಲಿ ಏಳರಲ್ಲಿ ಅದು ಖಾಲಿಯೇ ಉಳಿದಿದೆ.