ರಿಯಾಯಿತಿ ಯಾರಿಗೆ, ದಂಡ ಯಾರಿಗೆ?

ಏಪ್ರಿಲ್ ತಿಂಗಳು ಬಂತೆಂದರೆ ರಾಜ್ಯದ ಪುರಸಭೆಗಳೆಲ್ಲ ಒಂದೇ ಮಾತು ಹೇಳುತ್ತವೆ: ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿ, ಶೇ 5ರಷ್ಟು ರಿಯಾಯಿತಿ ಪಡೆಯಿರಿ. ಮನೆ ಮಾಲಿಕರಿಗೆ ಸರಕಾರ ಮಾಡುತ್ತಿರುವ ದೊಡ್ಡ ಉಪಕಾರವೆಂಬಂತೆ ಇದನ್ನು ಬಿಂಬಿಸಲಾಗುತ್ತದೆ. ಆದರೆ ರಾಮದುರ್ಗದಂಥ ಊರಿನಲ್ಲಿ ನಿಂತು ನೋಡಿದರೆ ಈ ಉಪಕಾರದ ಇನ್ನೊಂದು ಮುಖ ನಮಗೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಕೈಯಲ್ಲಿ ದುಡ್ಡಿದ್ದವನಿಗೆ ರಿಯಾಯಿತಿ. ಇಲ್ಲದವನಿಗೆ ಜೂನ್ ದಾಟಿದರೆ ತಿಂಗಳಿಗೆ ಶೇ 2ರಂತೆ ದಂಡ. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇ 24. ಮನೆ ಕಟ್ಟಲು ಬ್ಯಾಂಕು ಕೊಡುವ ಸಾಲದ ಬಡ್ಡಿಯೂ ಇಷ್ಟಿಲ್ಲ.

ರಿಯಾಯಿತಿಯ ಲೆಕ್ಕವನ್ನಾದರೂ ನೋಡೋಣ. ವರ್ಷಕ್ಕೆ 20 ಸಾವಿರ ತೆರಿಗೆ ಬೀಳುವ ಬಂಗಲೆಗೆ 1,000 ರೂಪಾಯಿ ಉಳಿಯುತ್ತದೆ. 1,000 ರೂಪಾಯಿ ಮನೆಪಟ್ಟಿ ಕಟ್ಟುವ ನೇಕಾರನಿಗೆ ಉಳಿಯುವುದು 50 ರೂಪಾಯಿ. ನೂಲಿನ ದರ ಏರಿದಾಗ, ಸೀರೆ ಮಾರಾಟವಾಗದೆ ಉಳಿದಾಗ ಅವನ ಕೈಯಲ್ಲಿ ಆ 1,000ವೂ ಇರುವುದಿಲ್ಲ. ಹಾಗಾದರೆ ಇದು ಯಾರಿಗೆ ಕೊಟ್ಟ ರಿಯಾಯಿತಿ?

ಈ ತೆರಿಗೆಯ ಲೆಕ್ಕ ಎಲ್ಲಿಂದ ಬಂತು ಎಂಬುದನ್ನೂ ತಿಳಿಯಬೇಕು. 2020ರ ಮೇ ತಿಂಗಳಲ್ಲಿ, ಕೊರೊನಾದಿಂದ ದುಡಿಮೆ ನಿಂತಿದ್ದಾಗ, ಕೇಂದ್ರ ಸರಕಾರವು ರಾಜ್ಯಗಳ ಸಾಲದ ಮಿತಿಯನ್ನು ಶೇ 3ರಿಂದ 5ಕ್ಕೆ ಏರಿಸಿತು. ಆ ಹೆಚ್ಚುವರಿ ಸಾಲಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ಆಸ್ತಿ ತೆರಿಗೆಯ ಕನಿಷ್ಠ ದರವನ್ನು ನೋಂದಣಿಯ ಮಾರ್ಗಸೂಚಿ ದರಕ್ಕೆ ಹೊಂದಿಸಬೇಕು ಎಂಬುದು. ಅದರ ಬೆನ್ನಿಗೇ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಮಾರ್ಗಸೂಚಿ ಮೌಲ್ಯದ ಶೇ 25ನ್ನು ತೆರಿಗೆಗೆ ಆಧಾರವಾಗಿ ಹಿಡಿಯುವ ಪದ್ಧತಿ ಬಂತು. ಮೂರು ವರ್ಷಕ್ಕೊಮ್ಮೆ ಏರುತ್ತಿದ್ದ ತೆರಿಗೆ ಪ್ರತಿ ವರ್ಷ ಶೇ 3ರಿಂದ 5 ಏರತೊಡಗಿತು. ಸಾಲ ಪಡೆದದ್ದು ಬೆಂಗಳೂರು, ಪಟ್ಟಿ ಬಂದದ್ದು ರಾಮದುರ್ಗದ ಓಣಿಗೆ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರವೆಂದು ಉಪಕರಗಳು ಬೇರೆ.

ಮಾರ್ಗಸೂಚಿ ಮೌಲ್ಯವೆಂದರೆ ಮನೆ ಮಾರುವಾಗಿನ ಬೆಲೆ. ಮನೆ ಮಾರದೆ ಅದರಲ್ಲೇ ಹುಟ್ಟಿ ಅದರಲ್ಲೇ ಸಾಯುವವನಿಗೆ ಆ ಬೆಲೆ ಎಂದೂ ಕೈಗೆ ಬರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಸರಕಾರ ಆ ದರಗಳನ್ನು ರಾಜ್ಯದಾದ್ಯಂತ ಏರಿಸಿತು. ದರ ಏರಿದ್ದರಿಂದ ಸೋರುವ ಮಾಳಿಗೆ ಗಟ್ಟಿಯಾಯಿತೇ? ಮಗ್ಗಕ್ಕೆ ಕೂಲಿ ಹೆಚ್ಚಿತೇ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಈ ಊರಿನ ತಗ್ಗಿನ ಓಣಿಗಳು ನೀರಿನಲ್ಲಿ ನಿಂತವು. ನೇಕಾರರ ಮನೆಗಳ ಜೊತೆಗೆ ಮಗ್ಗಗಳೂ ಹಾಳಾದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಪರಿಹಾರವೆಂದು ಸರಕಾರ ಘೋಷಿಸಿತು. ಪರಿಹಾರದ ಹೊತ್ತಿಗೆ ಉತಾರ ಎಲ್ಲಿ, ಹೆಸರು ಯಾರದು ಎಂದು ನೂರು ಪ್ರಶ್ನೆ ಕೇಳುವ ಆಡಳಿತಕ್ಕೆ, ದಂಡ ಹಾಕುವಾಗ ಮಾತ್ರ ಮನೆಯ ಸ್ಥಿತಿ ಕೇಳುವ ವ್ಯವಧಾನ ಇರುವುದಿಲ್ಲ.

ತೆರಿಗೆ ಇಲ್ಲದೆ ಚರಂಡಿ, ಬೀದಿದೀಪ, ನೀರು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪೌರಕಾರ್ಮಿಕರ ಸಂಬಳಕ್ಕೆ ಕತ್ತರಿ ಹಾಕಿ ನಮಗೆ ವಿನಾಯಿತಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಆದರೆ ವಿನಾಯಿತಿ ಎಂಬುದು ಈ ಕಾಯ್ದೆಗೆ ಹೊಸದಲ್ಲ. ಗುಡಿ, ಮಸೀದಿ, ಚರ್ಚುಗಳಿಗೆ ತೆರಿಗೆ ಇಲ್ಲ. ಅದು ಸರಿಯೇ. ದೇವರ ಮನೆಯನ್ನು ಬಿಟ್ಟ ಕಾನೂನು ಬಡವನ ಮನೆಯ ಮುಂದೆ ಯಾಕೆ ಇಷ್ಟು ಕಠಿಣವಾಗಬೇಕು? ನೆರೆಯ ಮಹಾರಾಷ್ಟ್ರ ಸರಕಾರ ಮುಂಬಯಿಯಲ್ಲಿ 500 ಚದರಡಿವರೆಗಿನ ಮನೆಗಳ ಆಸ್ತಿ ತೆರಿಗೆಯನ್ನು ಪೂರ್ತಿ ಮನ್ನಾ ಮಾಡುವುದಾಗಿ 2022ರ ಜನವರಿ 1ರಂದು ಘೋಷಿಸಿತು. ಬೆಂಗಳೂರಿನ ಬಾಕಿದಾರರಿಗೆ 2024ರಲ್ಲಿ ಬಡ್ಡಿ ಬಿಟ್ಟು ಒಂದೇ ಸಲಕ್ಕೆ ತೀರಿಸುವ ಅವಕಾಶ ಸಿಕ್ಕಿತು. ಮಹಾನಗರಕ್ಕೆ ಸಲ್ಲುವ ಕರುಣೆ ಸಣ್ಣ ಊರಿಗೆ ಸಲ್ಲಬಾರದೇ?

ನಮ್ಮ ಬೇಡಿಕೆ ಇಷ್ಟು. ಸ್ವಂತ ವಾಸದ ಸಣ್ಣ ಮನೆಗೆ, ಇಂತಿಷ್ಟು ಚದರಡಿಯವರೆಗೆ, ತೆರಿಗೆ ಬೇಡ. ಮನೆಯೊಳಗೆ ಮಗ್ಗ ಇದ್ದ ಮಾತ್ರಕ್ಕೆ ಅದನ್ನು ವಾಣಿಜ್ಯ ಕಟ್ಟಡವೆಂದು ಎಣಿಸಬಾರದು. ನೆರೆಗೆ ಸಿಕ್ಕ ಮನೆ ಮತ್ತೆ ವಾಸಕ್ಕೆ ಯೋಗ್ಯವಾಗುವವರೆಗೆ ಪಟ್ಟಿ ನಿಲ್ಲಲಿ. ತಿಂಗಳಿಗೆ ಶೇ 2ರ ದಂಡವನ್ನು ಇಳಿಸಿ, ಕಂತಿನಲ್ಲಿ ಕಟ್ಟಲು ಬಿಡಲಿ. ಇದರಿಂದ ಪುರಸಭೆಗೆ ಆಗುವ ಕೊರತೆಯನ್ನು, ಸಾಲಕ್ಕಾಗಿ ಷರತ್ತು ಒಪ್ಪಿಕೊಂಡ ರಾಜ್ಯ ಸರಕಾರವೇ ತುಂಬಿಕೊಡಲಿ. ದೊಡ್ಡ ಬಾಕಿದಾರರ ಹೆಸರನ್ನು ಪುರಸಭೆಯ ಗೋಡೆಗೆ ಹಚ್ಚಿ ಅವರಿಂದ ಮೊದಲು ವಸೂಲಿಯಾಗಲಿ.

ಈ ನೆಲಕ್ಕೆ ತೆರಿಗೆಯ ಮಾತು ಹೊಸದಲ್ಲ. ಸಂಸ್ಥಾನದ ಕಾಲದಲ್ಲಿ ತೆರಿಗೆ ಭಾರ ಇಳಿಸಿ ಎಂದು ರಾಮದುರ್ಗದ ಪ್ರಜಾ ಸಂಘ ಕೇಳಿತ್ತು. ಕೇಳಿಸಿಕೊಳ್ಳುವವರಿಲ್ಲದ ಆ ಅಸಮಾಧಾನ 1939ರ ಏಪ್ರಿಲ್‌ನಲ್ಲಿ ರಕ್ತಪಾತಕ್ಕೆ ತಿರುಗಿತು. ಅಂದು ಮೇಲಿದ್ದವರು ರಾಜರು. ಇಂದು ಪುರಸಭೆಯಲ್ಲಿ ಕೂರುವವರನ್ನು ನಾವೇ ಮತ ಹಾಕಿ ಕಳಿಸುತ್ತೇವೆ. ಪಕ್ಷ, ಜಾತಿ, ಧರ್ಮದ ಲೆಕ್ಕ ಬಿಟ್ಟು ಅವರು ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿ ಸರಕಾರಕ್ಕೆ ಕಳಿಸಲಿ. ಮನೆಪಟ್ಟಿಗೆ ಜಾತಿಯಿಲ್ಲ, ಅದು ಎಲ್ಲರ ಬಾಗಿಲಿಗೂ ಬರುತ್ತದೆ. ಅದನ್ನು ಪ್ರಶ್ನಿಸಲು ನಾವೂ ಹಾಗೆಯೇ ಒಟ್ಟಾಗಬೇಕು.