ಉಕ್ಕಿಗಿಂತ ಗಟ್ಟಿಯಾದ ನ್ಯಾನೋಟ್ಯೂಬ್ ಅಂಗಡಿಗೆ ಬರುವುದೇಕೆ ಇಷ್ಟು ಕಷ್ಟ?

ಉಕ್ಕಿಗಿಂತ ಹಲವು ಪಟ್ಟು ಗಟ್ಟಿ, ಅಲ್ಯೂಮಿನಿಯಮ್‌ಗಿಂತ ಹಗುರ, ತಾಮ್ರಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾಳಿಕೊಳ್ಳುತ್ತದೆ. ಕಾರ್ಬನ್ ನ್ಯಾನೋಟ್ಯೂಬ್ ಕುರಿತು ನಾವು ಓದುವ ಸುದ್ದಿಗಳು ಶುರುವಾಗುವುದೇ ಹೀಗೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೆಲ್ಲ ದೋಷವಿಲ್ಲದ ಒಂದೇ ಒಂದು ಕೊಳವೆಯ ಬಗೆಗಿನ ಮಾತು. ಮಾರುವ ವಸ್ತುವಿಗೆ ಅಂಥವು ಕೋಟಿಗಟ್ಟಲೆ ಬೇಕು.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಈ ಕೊಳವೆಗಳ ರಚನೆಯನ್ನು ವಿವರಿಸಿದಾಗ ಇವು ಜಗತ್ತಿನ ಗಮನ ಸೆಳೆದವು. ಇಂಗಾಲದ ಪರಮಾಣುಗಳ ಹಾಳೆಯೊಂದನ್ನು ಚಾಪೆಯಂತೆ ಸುತ್ತಿಟ್ಟ ಹಾಗೆ ಇವುಗಳ ರೂಪ. ಒಂದೇ ಪದರವಿದ್ದರೆ ಅಡ್ಡಳತೆ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಪಾಲು. ಚಾಪೆ ಸುತ್ತುವಾಗ ಅಂಚು ತುಸು ಓರೆಯಾದರೆ ನಮಗೇನೂ ನಷ್ಟವಿಲ್ಲ. ಇಲ್ಲಿ ಮಾತ್ರ ಅಷ್ಟರಿಂದಲೇ ಗುಣ ಬದಲಾಗುತ್ತದೆ: ಒಂದು ಲೋಹದಂತೆ ವರ್ತಿಸಿದರೆ ಇನ್ನೊಂದು ಅರೆವಾಹಕವಾಗುತ್ತದೆ. ಕುಲುಮೆಯಲ್ಲಿ ಬೆಳೆಸಿದಾಗ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಲೋಹದ ಬಗೆಯವು ಸಿಗುತ್ತವೆ. ಚಿಪ್‌ನೊಳಗೆ ಅಂಥದೊಂದು ಸೇರಿತೆಂದರೆ ಆ ಟ್ರಾನ್ಸಿಸ್ಟರ್ ಆರುವುದೇ ಇಲ್ಲ, ಕೆಟ್ಟುಹೋದ ಸ್ವಿಚ್ಚಿನ ಹಾಗೆ. 2019ರಲ್ಲಿ ಅಮೆರಿಕದ ಎಂಐಟಿ ತಂಡ 14,000ಕ್ಕೂ ಹೆಚ್ಚು ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್‌ಗಳ ಪ್ರೊಸೆಸರ್ ತಯಾರಿಸಿದ್ದು ದೊಡ್ಡ ಸಾಧನೆಯೇ. ಆದರೆ ನಮ್ಮ ಮೊಬೈಲಿನ ಚಿಪ್‌ನಲ್ಲಿ ಇರುವುದು ನೂರಾರು ಕೋಟಿ.

ಚಿಪ್ ಬೇಡ, ಪ್ಲಾಸ್ಟಿಕ್ಕಿಗೆ ಬೆರೆಸಿ ಗಟ್ಟಿಮಾಡೋಣ ಎಂದರೆ ಇನ್ನೊಂದು ತೊಡಕು. ಇವು ಬೆಂದ ಶ್ಯಾವಿಗೆಯಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಂಟಿದ್ದಲ್ಲೇ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಶ್ರವಣಾತೀತ ಧ್ವನಿಯಿಂದ ಗಂಟು ಬಿಡಿಸಬಹುದು. ಆ ಹೊಡೆತಕ್ಕೆ ಕೊಳವೆಗಳೇ ತುಂಡಾಗುತ್ತವೆ!

ಜರ್ಮನಿಯ ಬೇಯರ್ ಸಂಸ್ಥೆ 2010ರಲ್ಲಿ ವರ್ಷಕ್ಕೆ 200 ಟನ್ ಸಾಮರ್ಥ್ಯದ ಘಟಕ ತೆರೆಯಿತು. 2013ರಲ್ಲಿ ನ್ಯಾನೋಟ್ಯೂಬ್ ಕೆಲಸವನ್ನೇ ಕೈಬಿಟ್ಟಿತು. ತಯಾರಿಸುವುದು ಗೊತ್ತಿದ್ದರೂ ಸಾಕಷ್ಟು ಕೊಳ್ಳುವವರು ಬೇಕಲ್ಲ.

ಇವು ನಿಜಕ್ಕೂ ನೆಲೆ ಕಂಡಿರುವುದು ಲಿಥಿಯಮ್ ಬ್ಯಾಟರಿಗಳಲ್ಲಿ. ಎಲೆಕ್ಟ್ರೋಡಿಗೆ ಸ್ವಲ್ಪ ಬೆರೆಸಿದರೆ ವಿದ್ಯುತ್ ಹರಿಯುವ ಜಾಲ ಸಿದ್ಧ. ಅಲ್ಲಿ ಎಲ್ಲ ಕೊಳವೆಗಳೂ ಒಂದೇ ಬಗೆಯವಾಗಿರಬೇಕೆಂಬ ಹಟವಿಲ್ಲ.

ಆದರೆ ಕಾರ್ಖಾನೆಯಲ್ಲಿ ಈ ಪುಡಿಯನ್ನು ಸುರಿಯುವವರ ಸಂಗತಿ ಬೇರೆ. ಉದ್ದನೆಯ, ಸೆಟೆದ ನ್ಯಾನೋಟ್ಯೂಬ್‌ಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆಯೇ ಹಾನಿ ಮಾಡಿದ್ದನ್ನು 2008ರ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಮುಚ್ಚಿದ ಯಂತ್ರ, ಗಾಳಿ ಸೋಸುವ ವ್ಯವಸ್ಥೆ, ಮುಖಕವಚ ಇವೆಲ್ಲ ಬೇಕೇಬೇಕು. ಬೆಲೆ ಇಳಿಸುವ ಹೆಸರಿನಲ್ಲಿ ಕತ್ತರಿ ಹಾಕಬಾರದ ಖರ್ಚು ಇದು.